ಗೊಂಬೆಮನೆಗೆ ನುಸುಳಿದ ಹಾಳು ಗೊಂಬೆ

ಕುಂದಾಪುರ, ಬೈಂದೂರು ಸೀಮೆಯಲ್ಲಿ ‘ಆಟ’ವೆಂದರೆ ಯಕ್ಷಗಾನ. ಉಪ್ಪುಂದದ ಮನೆಯೊಂದರಲ್ಲಿ ‘ಇಂದು ರಾತ್ರಿ ಆಟವಿದೆ’ ಎಂದರೆ ಯಾವ ಆಟವೆಂದು ಯಾರೂ ಕೇಳುವುದಿಲ್ಲ. ಅದೇ ಆಟವನ್ನು ಗೊಂಬೆಗಳಿಂದ ಆಡಿಸುವ ಕಲೆಯೂ ಇಲ್ಲಿನದೇ. ಉಪ್ಪುಂದದಿಂದ ಹೆದ್ದಾರಿ ಹಿಡಿದು ಕುಂದಾಪುರದತ್ತ ಬಂದರೆ ಪಟ್ಟಣ ಮುಟ್ಟುವ ಮೊದಲೇ ಸಿಗುವ ಉಪ್ಪಿನಕುದ್ರುವಿನಲ್ಲಿ ದೇವಣ್ಣ ಕಾಮತ್, ಕೊಗ್ಗ ಕಾಮತ್ ಅವರ ಮನೆತನದವರು ಬಡಗುತಿಟ್ಟಿನ ವೇಷ ತೊಟ್ಟ ಮರದ ಗೊಂಬೆಗಳನ್ನು ಸೂತ್ರದಿಂದ ಕುಣಿಸುತ್ತ ಬಂದಿದ್ದಾರೆ. ಅಲ್ಲಿನ ಅಕಾಡೆಮಿಯ ಹೆಸರು ‘ಗೊಂಬೆಮನೆ’.

ಮರದ ಗೊಂಬೆಯಾಟದಲ್ಲಿ ಒಂದು ಅನುಕೂಲವಿದೆ. ಸೂತ್ರ ಹರಿದರೆ ಕಣ್ಣಿಗೆ ಕಾಣುತ್ತದೆ; ಕೈ ಮುರಿದರೆ ಆ ಒಂದು ಗೊಂಬೆಯ ಕೈ ಮಾತ್ರ ಮುರಿಯುತ್ತದೆ. ಭೀಮನ ಗದೆ ಬಿರುಕುಬಿಟ್ಟ ಮಾತ್ರಕ್ಕೆ ದ್ರೌಪದಿಯ ಸೀರೆ ಹರಿಯುವುದಿಲ್ಲ. ಆದರೆ ಕಂಪ್ಯೂಟರಿನ ಗೊಂಬೆಮನೆಯಲ್ಲಿ ಹೀಗಿಲ್ಲ. ಅಲ್ಲಿ ಹೊರಗಿನಿಂದ ತಂದ ಒಂದು ಹಾಳು ಕುರ್ಚಿ ಇಡೀ ಮನೆಯನ್ನೇ ಕೆಡಿಸಬಲ್ಲದು. ಎರಡೂವರೆ ದಶಕಗಳಿಂದ ಜಗತ್ತಿನಾದ್ಯಂತ ಲಕ್ಷಾಂತರ ಮಂದಿ ಆಡುತ್ತಿರುವ ‘ದಿ ಸಿಮ್ಸ್’ ಎಂಬ ಆಟದ ಇತಿಹಾಸ ಇದಕ್ಕೆ ಸಾಕ್ಷಿ.

ಬೆಂಕಿಯಿಂದ ಹುಟ್ಟಿದ ಮನೆ

ಈ ಆಟದ ಮೂಲದಲ್ಲಿ ಒಂದು ದುರಂತವಿದೆ. 1991ರ ಅಕ್ಟೋಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಗುಡ್ಡಗಳಿಗೆ ಹತ್ತಿದ ಬೆಂಕಿಯಲ್ಲಿ ಸುಟ್ಟುಹೋದ ಮನೆಗಳಲ್ಲಿ ವಿಲ್ ರೈಟ್ ಎಂಬ ಆಟಗಳ ವಿನ್ಯಾಸಕಾರರ ಮನೆಯೂ ಒಂದು. 1989ರಲ್ಲಿ ನಗರ ಕಟ್ಟುವ ‘ಸಿಮ್‌ಸಿಟಿ’ ಆಟವನ್ನು ರೂಪಿಸಿ ಹೆಸರಾಗಿದ್ದವರು ಅವರು. ಮನೆಯನ್ನೂ ಸಾಮಾನುಗಳನ್ನೂ ಮತ್ತೆ ಒಂದೊಂದಾಗಿ ಕೂಡಿಸಿಕೊಳ್ಳಬೇಕಾಗಿ ಬಂದಾಗ, ಮನುಷ್ಯನ ಬದುಕಿಗೆ ಯಾವ ವಸ್ತು ಏಕೆ ಬೇಕು ಎಂಬ ಪ್ರಶ್ನೆ ಅವರನ್ನು ಕಾಡಿತು. ಅದರಿಂದ ಹುಟ್ಟಿದ ಕಲ್ಪನೆಯನ್ನು ಅವರು ‘ಗೊಂಬೆಮನೆ’ ಎಂದೇ ಕರೆಯುತ್ತಿದ್ದರು. ಅವರ ಮ್ಯಾಕ್ಸಿಸ್ ಸಂಸ್ಥೆಯನ್ನು 1997ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕೊಂಡಿತು. 2000ದ ಫೆಬ್ರವರಿಯಲ್ಲಿ ಆಟ ಮಾರುಕಟ್ಟೆಗೆ ಬಂತು.

ಇದರಲ್ಲಿ ಸೋಲು-ಗೆಲುವುಗಳಿಲ್ಲ. ಪರದೆಯ ಮೇಲಿನ ಪುಟ್ಟ ಮನುಷ್ಯರಿಗೆ ಮನೆ ಕಟ್ಟಿಕೊಡಬೇಕು, ಉಣ್ಣಿಸಬೇಕು, ಮಲಗಿಸಬೇಕು, ಕೆಲಸಕ್ಕೆ ಕಳಿಸಬೇಕು. ಎರಡನೆಯ ಆವೃತ್ತಿಯಿಂದ ಈಚೆಗೆ ಅವರು ಮುಪ್ಪಾಗುತ್ತಾರೆ, ಸಾಯುತ್ತಾರೆ, ಮಕ್ಕಳು ಮನೆ ನಡೆಸುತ್ತಾರೆ. ಹೀಗೆ ಹತ್ತು ತಲೆಮಾರುಗಳನ್ನು ವರ್ಷಗಟ್ಟಲೆ ಬೆಳೆಸಿದವರಿದ್ದಾರೆ. ಅಂಥವರಿಗೆ ಆ ಕಡತವೊಂದು ಹಾಳಾಗುವುದೆಂದರೆ ಒಂದು ಮನೆತನದ ವಂಶಾವಳಿಯೇ ಅಳಿಸಿಹೋದಂತೆ.

ಎಲ್ಲರಿಗೂ ತೆರೆದ ಬಾಗಿಲು

ಆಟ ಬಿಡುಗಡೆಯಾಗುವ ಮೊದಲೇ ಗೊಂಬೆಗಳಿಗೆ ಹೊಸ ಬಟ್ಟೆ, ಹೊಸ ಮುಖ ಬರೆಯುವ ಸಲಕರಣೆಯನ್ನು ಮ್ಯಾಕ್ಸಿಸ್ ಜನರಿಗೆ ಹಂಚಿತು. ಆಟದ ತಂಡದಲ್ಲಿದ್ದ ಡಾನ್ ಹಾಪ್ಕಿನ್ಸ್, ಪೀಠೋಪಕರಣಗಳ ರೂಪ ಬದಲಿಸುವ ‘ಟ್ರಾನ್ಸ್‌ಮಾಗ್ರಿಫೈಯರ್’ ಎಂಬ ತಂತ್ರಾಂಶವನ್ನು ಮಾಡಿದರು. 2004ರಲ್ಲಿ ಎರಡನೆಯ ಆವೃತ್ತಿ ಬಂದಾಗಲೂ ‘ಬಾಡಿ ಶಾಪ್’ ಎಂಬ ಸಲಕರಣೆ ಆಟಕ್ಕಿಂತ ಮುಂಚೆಯೇ ಜನರ ಕೈಸೇರಿತ್ತು. ಆಡುವವರೇ ಮಾಡಿ ಪರಸ್ಪರ ಹಂಚಿಕೊಳ್ಳುವ ಸೇರ್ಪಡೆಗಳ ಒಂದು ದೊಡ್ಡ ಲೋಕವೇ ಹೀಗೆ ಬೆಳೆಯಿತು. ಕಂಪನಿ ಕೊಡದ ಬಟ್ಟೆ, ಒಡವೆಗಳನ್ನು ಗೊಂಬೆಗೆ ತೊಡಿಸಬೇಕೆನ್ನುವವರು ಇಂಥ ಸೇರ್ಪಡೆಗಳನ್ನೇ ನೆಚ್ಚಬೇಕು. ಬಹುಕಾಲ ಆಟವನ್ನು ಬದುಕಿಸಿದ್ದೂ ಈ ಬಾಗಿಲೇ, ಹಾಳನ್ನು ಒಳಗೆ ಬಿಟ್ಟದ್ದೂ ಈ ಬಾಗಿಲೇ.

ಸೇರ್ಪಡೆ ಕೆಡುವುದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳುಂಟು. ಒಂದು, ತಯಾರಿಸುವಾಗಲೇ ಅಥವಾ ಇಳಿಸಿಕೊಳ್ಳುವಾಗ ಕಡತದಲ್ಲಿ ದೋಷ ಸೇರುವುದು. ಎರಡು, ಅಂಗ ಕಾಣೆಯಾಗುವುದು: ಬಟ್ಟೆಯ ಬಣ್ಣ ಒಂದು ಕಡತದಲ್ಲಿದ್ದು ಆಕಾರ ಇನ್ನೊಂದರಲ್ಲಿದ್ದರೆ, ಎರಡನೆಯದನ್ನು ತರಲು ಮರೆತವರ ಗೊಂಬೆಗೆ ಮೈಯೇ ಮಾಯವಾಗಬಹುದು. ಮೂರು, ಒಂದೇ ಸಂಗತಿಯನ್ನು ಎರಡು ಸೇರ್ಪಡೆಗಳು ಎರಡು ರೀತಿಯಲ್ಲಿ ಬದಲಿಸಲು ಹೊರಟು ಒಂದಕ್ಕೊಂದು ಡಿಕ್ಕಿ ಹೊಡೆಯುವುದು. ನಾಲ್ಕು, ಹಳತಾಗುವುದು: ಕಂಪನಿ ಆಟವನ್ನು ಪರಿಷ್ಕರಿಸಿದಾಗ ನಿನ್ನೆಯವರೆಗೆ ಸರಿಯಿದ್ದ ಸೇರ್ಪಡೆ ಇಂದು ಹೊಂದದೆ ಹೋಗುವುದು. 2014ರಲ್ಲಿ ಬಂದ ನಾಲ್ಕನೆಯ ಆವೃತ್ತಿ ಪ್ರತಿ ಪರಿಷ್ಕರಣೆಯ ನಂತರ ಹೊರಗಿನ ಸೇರ್ಪಡೆಗಳನ್ನೆಲ್ಲ ತಾನಾಗಿಯೇ ನಿಲ್ಲಿಸಿಬಿಡುವುದು ಈ ಕಾರಣಕ್ಕಾಗಿಯೇ.

ಜೊತೆಗೇ ಬಂದ ಗೊಂಬೆ

ತಾನಾಗಿ ಆರಿಸಿ ತಂದ ವಸ್ತು ಕೆಟ್ಟರೆ ಅದು ಒಬ್ಬನ ನಷ್ಟ. ಅರಿವಿಲ್ಲದೆ ಬಂದದ್ದು ಊರಿಗೇ ಹಬ್ಬುತ್ತದೆ. ಎರಡನೆಯ ಆವೃತ್ತಿಯಲ್ಲಿ ಒಬ್ಬರು ಕಟ್ಟಿದ ಮನೆಯನ್ನು ಇನ್ನೊಬ್ಬರಿಗೆ ಕಳಿಸಿದರೆ ಅದರೊಳಗಿನ ಸೇರ್ಪಡೆಗಳೂ ಗಂಟಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದವು. ಚೆಂದದ ಮನೆಗೆ ಆಸೆಪಟ್ಟವರ ಆಟದೊಳಕ್ಕೆ ಅವರು ಕೇಳದ ಬದಲಾವಣೆಗಳೂ ನುಗ್ಗುತ್ತಿದ್ದವು. ಆಗ ಆಟಗಾರರೇ ‘ಕ್ಲೀನ್ ಇನ್‌ಸ್ಟಾಲರ್’ ಎಂಬ ತಂತ್ರಾಂಶ ರಚಿಸಿದರು. ಗಂಟು ಬಿಚ್ಚಿ ಒಳಗೇನಿದೆ ಎಂದು ಪಟ್ಟಿ ತೋರಿಸುವುದು, ಬೇಡದ್ದನ್ನು ಹೊರಗಿಡುವುದು ಅದರ ಕೆಲಸ.

2009ರ ಜೂನ್‌ನಲ್ಲಿ ಮೂರನೆಯ ಆವೃತ್ತಿ ಬಂದ ಮೇಲೆ ಇದೇ ತೊಂದರೆ ಒಂದು ಆಟಿಕೆ ಗೊಂಬೆಯ ರೂಪದಲ್ಲಿ ಹರಡಿ ಕುಖ್ಯಾತವಾಯಿತು. ದೋಷಪೂರಿತವಾದ ಆ ಗೊಂಬೆ ಒಬ್ಬರ ಆಟಕ್ಕೆ ಸೇರಿದರೆ, ಅವರು ಹಂಚಿದ ಮನೆಗೋ ಕುಟುಂಬಕ್ಕೋ ಅಂಟಿಕೊಂಡು ಮುಂದಿನವರ ಆಟಕ್ಕೂ ದಾಟುತ್ತಿತ್ತು. ಹಂಚಿದವರಲ್ಲಿ ಕೆಡುಕಿನ ಉದ್ದೇಶವಿರಲಿಲ್ಲ. ತಮ್ಮಲ್ಲಿ ಅದು ಇದೆಯೆಂಬುದೇ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಇನ್ನೊಬ್ಬರಿಂದ ತಂದ ಯಾವ ಗಂಟನ್ನೂ ಬಿಚ್ಚಿ ನೋಡದೆ ಒಳಗೆ ಬಿಡಬಾರದೆಂಬ ಪಾಠವನ್ನು ಒಂದು ಪೀಳಿಗೆಯ ಆಟಗಾರರಿಗೆ ಕಲಿಸಿದ್ದು ಆ ಗೊಂಬೆ.

ಅರ್ಧರ್ಧ ಹುಡುಕುವ ಉಪಾಯ

ಸಾವಿರಾರು ಸೇರ್ಪಡೆಗಳ ನಡುವೆ ಕೆಟ್ಟದ್ದು ಯಾವುದೆಂದು ಪತ್ತೆ ಹಚ್ಚುವುದು ಹೇಗೆ? ಆಟಗಾರರು ಕಂಡುಕೊಂಡ ವಿಧಾನ ಜಾತ್ರೆಯ ದೀಪ ಕಟ್ಟುವವರಿಗೆ ಹೊಸದಲ್ಲ. ಸಾಲು ದೀಪದ ಸರ ಆರಿಹೋದರೆ ಪಳಗಿದ ಕೆಲಸಗಾರ ಒಂದೊಂದೇ ಬಲ್ಬನ್ನು ಕಳಚುತ್ತ ಕೂರುವುದಿಲ್ಲ. ನಡುವೆ ಪರೀಕ್ಷಿಸಿ ದೋಷ ಯಾವ ಅರ್ಧದಲ್ಲಿದೆ ಎಂದು ತಿಳಿದು, ಆ ಅರ್ಧವನ್ನು ಮತ್ತೆ ಅರ್ಧ ಮಾಡುತ್ತಾನೆ. ಇಲ್ಲಿಯೂ ಹಾಗೆಯೇ. ಮೊದಲು ಸೇರ್ಪಡೆಗಳ ಫೋಲ್ಡರನ್ನೇ ಹೊರಗೆ ತೆಗೆದಿಟ್ಟು ಆಟ ತೆರೆಯಬೇಕು. ತೊಂದರೆ ಹಾಗೆಯೇ ಉಳಿದರೆ ಈಗಿರುವ ಸೇರ್ಪಡೆಗಳು ಅದಕ್ಕೆ ನೇರ ಕಾರಣವಲ್ಲ. ಹೋದರೆ ಅರ್ಧದಷ್ಟನ್ನು ಹಿಂದಕ್ಕೆ ಹಾಕಿ ನೋಡಬೇಕು; ತೊಂದರೆ ಮರುಕಳಿಸಿದರೆ ದೋಷಿ ಅದರಲ್ಲೇ ಇದೆ, ಇಲ್ಲದಿದ್ದರೆ ಹೊರಗಿರುವ ಅರ್ಧದಲ್ಲಿದೆ. 1024 ಕಡತಗಳಲ್ಲಿ ಕೆಟ್ಟದ್ದು ಒಂದೇ ಆಗಿದ್ದರೆ ಹೀಗೆ 10 ಸಲ ನೋಡುವುದರಲ್ಲಿ ಅದು ಸಿಕ್ಕಿಬೀಳುತ್ತದೆ. ಎರಡು ಸೇರ್ಪಡೆಗಳ ಜಗಳವಾದರೆ ಮಾತ್ರ ಇನ್ನಷ್ಟು ತಾಳ್ಮೆ ಬೇಕು.

ಕಿತ್ತೊಗೆಯುವ ಮುನ್ನ ಉಳಿಸಿದ ಆಟದ ಒಂದು ಪ್ರತಿಯನ್ನು ಬೇರೆ ಕಡೆ ಇಡುವುದು ಅಗತ್ಯ. ಒಂದು ಬಟ್ಟೆಯನ್ನು ತೆಗೆದರೆ ಗೊಂಬೆ ಬೇರೆ ಬಟ್ಟೆ ತೊಡುತ್ತದೆ, ಅಷ್ಟೆ. ಆದರೆ ಆಟದ ನಡವಳಿಕೆಯನ್ನೇ ಬದಲಿಸುವ ಸೇರ್ಪಡೆ ಮನೆಯ ಕಥೆಯೊಳಗೆ ಬೇರುಬಿಟ್ಟಿರುತ್ತದೆ. ಅದನ್ನು ಥಟ್ಟನೆ ಕಿತ್ತರೆ ಕಥೆಯ ಎಳೆಯೂ ಕಿತ್ತುಬರಬಹುದು. ಕಡತವನ್ನು ಅಳಿಸಿದ ಮೇಲೂ ಆಟ ತನ್ನ ಅನುಕೂಲಕ್ಕೆ ಬರೆದಿಟ್ಟುಕೊಂಡ ತಾತ್ಕಾಲಿಕ ಕಡತಗಳಲ್ಲಿ ಅದರ ನೆರಳು ಉಳಿಯುವುದುಂಟು. ಅವನ್ನೂ ಅಳಿಸಿದ ಮೇಲೆಯೇ ಶುಚಿ ಪೂರ್ತಿಯಾಗುವುದು.

ಆಟದಿಂದ ಮನೆಯೊಳಕ್ಕೆ

ಇಷ್ಟು ಕಾಲ ಹಾಳಾಗುತ್ತಿದ್ದುದು ಗೊಂಬೆಮನೆ ಮಾತ್ರ. 2024ರ ಮೊದಲ ತಿಂಗಳುಗಳಲ್ಲಿ ಅಪಾಯ ನಿಜವಾದ ಮನೆಯ ಹೊಸ್ತಿಲು ದಾಟಿತು. ನಾಲ್ಕನೆಯ ಆವೃತ್ತಿಯ ಸೇರ್ಪಡೆಗಳಲ್ಲಿ ಎರಡು ಜಾತಿ: ರೂಪವನ್ನಷ್ಟೇ ಹೊತ್ತ ಕಡತಗಳು ಮತ್ತು ಪೈಥಾನ್ ಭಾಷೆಯಲ್ಲಿ ಆದೇಶಗಳನ್ನು ಹೊತ್ತ ಕಡತಗಳು. ಈ ಎರಡನೆಯ ಜಾತಿಯೊಳಗೆ ಗುಪ್ತಪದ ಮೊದಲಾದ ಖಾಸಗಿ ವಿವರಗಳನ್ನು ಕದಿಯುವ ತಂತ್ರಾಂಶವನ್ನು ಅಡಗಿಸಿ ಹಂಚಿದ್ದು ಆಗ ಪತ್ತೆಯಾಯಿತು. ಕೆಲವನ್ನು ಪರಿಚಿತ ತಯಾರಕರ ಹೆಸರಿನ ಸೋಗಿನಲ್ಲಿ, ಇನ್ನು ಕೆಲವನ್ನು ಅವರ ಖಾತೆಗಳನ್ನೇ ವಶಪಡಿಸಿಕೊಂಡು ಹಂಚಲಾಗಿತ್ತು. ಟ್ವಿಸ್ಟೆಡ್‌ಮೆಕ್ಸಿ ಎಂಬ ಹೆಸರಿನ ಸೇರ್ಪಡೆ ತಯಾರಕರು ಇಂಥವನ್ನು ತಡೆಯಲು ‘ಮಾಡ್‌ಗಾರ್ಡ್’ ಎಂಬ ಕಾವಲು ಸೇರ್ಪಡೆಯನ್ನು ರಚಿಸಿದರು. ಮಗಳು ಆಡುವ ಲ್ಯಾಪ್‌ಟಾಪಿನಲ್ಲಿಯೇ ತಂದೆ ಬ್ಯಾಂಕಿನ ವ್ಯವಹಾರ ನಡೆಸುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಆದ್ದರಿಂದ ಇದು ಮಕ್ಕಳ ಆಟದ ಮಾತೆಂದು ಹಿರಿಯರು ಕೈಚೆಲ್ಲುವಂತಿಲ್ಲ.

ಹಾಗೆಂದು ಬಾಗಿಲನ್ನೇ ಮುಚ್ಚಿದವರು ವಿರಳ. ಹಳೆಯ ಆಟಗಾರರು ಪಾಲಿಸುವ ಕ್ರಮ ಸರಳವಾದದ್ದು: ಸೇರ್ಪಡೆಯನ್ನು ಮಾಡಿದವರ ಮೂಲಸ್ಥಾನದಿಂದಲೇ ತರುವುದು, ಒಮ್ಮೆಗೆ ನೂರನ್ನು ಸುರಿಯದೆ ನಾಲ್ಕನ್ನು ಹಾಕಿ ನೋಡುವುದು, ಯಾವುದು ಎಲ್ಲಿಂದ ಯಾವಾಗ ಬಂತೆಂದು ಹೆಸರು ಬರೆದು ಬೇರೆ ಬೇರೆ ಫೋಲ್ಡರುಗಳಲ್ಲಿ ಇಡುವುದು, ಬಟ್ಟೆಬರೆಯ ಸೇರ್ಪಡೆ ತಾನೇ ಓಡುವ ಕಾರ್ಯಕ್ರಮದ ರೂಪದಲ್ಲಿ ಬಂದರೆ ಮುಟ್ಟದಿರುವುದು, ಹಳೆಯ ಪ್ರತಿಯೊಂದನ್ನು ಸದಾ ಕಾಪಾಡಿಕೊಳ್ಳುವುದು. ಮೂಲ ತಿಳಿದ ವಸ್ತು ಕೆಟ್ಟರೂ ತೆಗೆಯುವುದು ಸುಲಭ. ಎಲ್ಲಿಂದ ಬಂತೆಂದೇ ತಿಳಿಯದ ವಸ್ತುವನ್ನು ಹುಡುಕಲು ಮಾತ್ರ ಮನೆಯನ್ನೆಲ್ಲ ಬರಿದು ಮಾಡಬೇಕಾಗುತ್ತದೆ.