ಉತ್ಸಾಹವೆಂಬ ಸ್ಥಾಯಿ

ಶಾಲೆಯ ಓಟದ ಪಂದ್ಯವನ್ನು ನೋಡಿದಾಗ, ವಾಚಕರೇ, ತಾವೂ ಇದನ್ನು ಗಮನಿಸಿರಬಹುದು. ಪಕ್ಕದವನ ಮೇಲಿನ ಸಿಟ್ಟಿನಿಂದ ಹೊರಟ ಹುಡುಗ ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ. ಕೊನೆಯ ಸುತ್ತಿನಲ್ಲಿ ಅವನನ್ನು ಹುಡುಕಬೇಕು. ನಮ್ಮ ಆಲಂಕಾರಿಕರು ಆಟದ ಬಯಲನ್ನು ಕುರಿತು ಬರೆದವರಲ್ಲ. ಆದರೂ ಈ ಮರ್ಮವನ್ನು ಬಲ್ಲವರು. ವೀರರಸಕ್ಕೆ ಸ್ಥಾಯಿ ಉತ್ಸಾಹ. ಕ್ರೋಧವಾದರೋ ರೌದ್ರರಸಕ್ಕೆ ಸೇರಿದ್ದು. ಶ್ರಮ, ದೈನ್ಯ, ಗರ್ವ ಮೊದಲಾದುವು ಸಂಚಾರಿಗಳು, ಬಂದುಹೋಗುವ ನೆಂಟರು. ವೀರನಾದವನಿಗೆ ದಣಿವೇ ಇಲ್ಲವೆಂದು ಅವರೇನೂ ಹೇಳಲಿಲ್ಲ.

ಇದಕ್ಕೆ ಕಲ್ಲಿನ ಸಾಕ್ಷಿ ಬೇಕೆನ್ನುವವರು ಮಧುಗಿರಿಗೆ ಬರಬೇಕು. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದ ಆ ಏಕಶಿಲೆಯ ಮೇಲೆ ಕೋಟೆ ಕಟ್ಟಿದವರು ಏರನ್ನು ಬಾಗಿಲು ಬಾಗಿಲಾಗಿ ಹಂಚಿದ್ದಾರೆ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು. (ಅಂತರಾಳವೆಂದರೆ ನಡುವಣ ಎಡೆ; ಕನ್ನಡದಲ್ಲಿ ಅದು ಮನಸ್ಸಿನ ಆಳವೂ ಆಯಿತು. ಹೆಸರಿಟ್ಟವನು ರಸಿಕನೇ ಇರಬೇಕು!) ಕೆಳಗೆ ಮೆಟ್ಟಿಲುಗಳುಂಟು. ಮೇಲೆ ಹೋದಂತೆ ಬೋಳುಬಂಡೆ, ಅಂಗಾಲೂರಲು ಕೊರೆದ ತೆಳುಗುಳಿಗಳು. ಅಲ್ಲಿ ತೋಳಿನ ಬಲಕ್ಕಿಂತ ಉಸಿರಿನ ಹದ ದೊಡ್ಡದು. ಮಕ್ಕಳನ್ನು ಕರೆದೊಯ್ದಾಗ ನಾನು ಹೇಳುವ ಮಾತು ಒಂದೇ: ನೆತ್ತಿಯನ್ನು ನೋಡಬೇಡಿ, ಮುಂದಿನ ಬಾಗಿಲನ್ನು ನೋಡಿ. ಕೊರಟಗೆರೆ ಸೀಮೆಯ ಸಿದ್ಧರಬೆಟ್ಟವನ್ನು ಹತ್ತುವ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಪಾವಗಡದ ರೈತನಿಗೂ ಅಷ್ಟೇ. ಮಳೆ ಕೈಕೊಟ್ಟ ಹೊಲದಲ್ಲಿಯೇ ಮರುವರ್ಷ ಕಡಲೆಕಾಯಿ ಬಿತ್ತುವ ಮನಸ್ಸು ಯಾವ ಪಂದ್ಯಕ್ಕೂ ಕಡಮೆಯದಲ್ಲ.

ಗೆಲುವನ್ನೇ ನಂಬಿ ಕುಳಿತವರು ಶಿರಾದ ಚರಿತ್ರೆಯನ್ನು ಓದಬೇಕು. 1687ರಲ್ಲಿ ಮೊಗಲರ ಸುಬೆಗೆ ರಾಜಧಾನಿಯಾದ ಊರು ಅದು. 1757ರಲ್ಲಿ ಮರಾಠರು ಗೆದ್ದರು. ಎರಡು ವರ್ಷಕ್ಕೆ ಬಿಟ್ಟುಕೊಟ್ಟರು. 1761ರಲ್ಲಿ ಹೈದರಾಲಿ, 1767ರಲ್ಲಿ ಮತ್ತೆ ಮರಾಠರು, 1774ರಲ್ಲಿ ಟಿಪ್ಪು. ಹದಿನೇಳು ವರ್ಷಗಳಲ್ಲಿ ಐದು ಸಲ ಕೈಬದಲು! ಗೆದ್ದವನ ಗರ್ವವೂ ಸೋತವನ ದೈನ್ಯವೂ ಎಷ್ಟು ದಿನದವು, ಎಣಿಸಿ ನೋಡಿ.

ಇನ್ನು, ಆಟದ ನಿಯಮಗಳೊಂದೂ ಸಲ್ಲದ ಒಂದು ಸಂಗತಿಯನ್ನು ಹೇಳಲೇಬೇಕು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರನನ್ನೂ ಸೆರೆಯಿಟ್ಟದ್ದು ಇದೇ ಮಧುಗಿರಿ ಕೋಟೆಯಲ್ಲಿ. ಮಲೆನಾಡಿನ ಮಳೆಯಲ್ಲಿ ಬಾಳಿದವಳಿಗೆ ಈ ಕಾದ ಬಂಡೆ. ಏರುವವನಿಗೆ ಮುಂದಿನ ಬಾಗಿಲೆಂಬುದುಂಟು. ಸೆರೆಯಲ್ಲಿದ್ದವಳಿಗೆ ಬಾಗಿಲುಗಳೆಲ್ಲ ಹೊರಗಿನಿಂದ ಮುಚ್ಚಿದುವು. ಅಂಥಲ್ಲಿ ಉತ್ಸಾಹವೆಂದರೆ ನುಗ್ಗುವುದಲ್ಲ, ಬೆಳಗಾದರೆ ಮತ್ತೊಂದು ದಿನವನ್ನು ಎದುರುಗೊಳ್ಳುವುದು. ನಾಲ್ಕು ವರ್ಷ ಕಳೆಯಿತು. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಮಧುಗಿರಿಯನ್ನು ಹಿಡಿದಾಗ ಬಾಗಿಲು ತೆರೆಯಿತು. ಆಕೆ ಬೆಟ್ಟವಿಳಿದು ಪುಣೆಯ ದಾರಿ ಹಿಡಿದಳು. ಬಿದನೂರು ಮರಳಿ ಸಿಕ್ಕಲಿಲ್ಲ, ಪುಣೆಯನ್ನೂ ಸೇರಲಿಲ್ಲ. ನರಗುಂದದಲ್ಲಿ ತೀರಿಕೊಂಡಳು, ಆದರೆ ಸೆರೆಯಾಳಾಗಿ ಅಲ್ಲ.