ಹಾಸನ ಜಿಲ್ಲೆಯ ಕಥೋಲಿಕ ಧರ್ಮಕೇಂದ್ರಗಳು: ಧರ್ಮೋಪದೇಶ ಮತ್ತು ಸಮಾಜಸೇವೆ

ಹಾಸನ ಜಿಲ್ಲೆಯ ಕಥೋಲಿಕ ಧರ್ಮಕೇಂದ್ರಗಳು ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ ಸೇರಿವೆ. ಒಂದು ದೇವಾಲಯದ ಸುತ್ತ ನೆಲೆಸಿ, ಒಬ್ಬ ಗುರುವಿನ ಮೇಲ್ವಿಚಾರಣೆಯಲ್ಲಿರುವ ಭಕ್ತಸಮುದಾಯಕ್ಕೆ ಧರ್ಮಕೇಂದ್ರವೆಂದು ಹೆಸರು. ಮಕ್ಕಳಿಗೆ ವಿಶ್ವಾಸದ ಪಾಠ ಹೇಳುವುದೂ ಸಾಮಾಜಿಕ ನ್ಯಾಯಕ್ಕಾಗಿ ದುಡಿಯುವುದೂ ಈ ಗುರುವಿನ ಕರ್ತವ್ಯಗಳೆಂದು ೧೯೮೩ರ ಧರ್ಮಸಭೆಯ ಕಾನೂನು ಸಂಹಿತೆ ತನ್ನ ೫೨೮ನೆಯ ವಿಧಿಯಲ್ಲಿ ಒಟ್ಟಿಗೇ ವಿಧಿಸಿದೆ. ಬೇಲೂರು, ಹಳೇಬೀಡುಗಳ ದೇಗುಲಗಳಿಗೂ ಶ್ರವಣಬೆಳಗೊಳ, ಜಿನನಾಥಪುರಗಳ ಬಸದಿಗಳಿಗೂ ಹೆಸರಾದ ಈ ಜಿಲ್ಲೆಯಲ್ಲಿ ಕ್ರೈಸ್ತರ ಸಂಖ್ಯೆ ಕಡಿಮೆ. ಆದರೂ ಉಪದೇಶ ಮತ್ತು ಸೇವೆ ಹೇಗೆ ಒಂದನ್ನೊಂದು ಆಶ್ರಯಿಸಿ ಬೆಳೆದವು, ಎಲ್ಲಿ ಎಡವಿದವು ಎಂಬುದನ್ನು ತಿಳಿಯಲು ಸಾತಳ್ಳಿ ಮತ್ತು ಶೆಟ್ಟಿಹಳ್ಳಿಗಳ ಇತಿಹಾಸ ಉತ್ತಮ ನಿದರ್ಶನವಾಗಿದೆ.

ಹಿನ್ನೆಲೆ

ಮೈಸೂರು ಸೀಮೆಯಲ್ಲಿ ಕಥೋಲಿಕ ಧರ್ಮಪ್ರಚಾರವನ್ನು ೧೭ನೆಯ ಶತಮಾನದ ಮಧ್ಯಭಾಗದಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಆರಂಭಿಸಿದರು. ಶ್ರೀರಂಗಪಟ್ಟಣವನ್ನು ಕೇಂದ್ರವಾಗಿಸಿಕೊಂಡ ಅವರು ಕನ್ನಡ ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶದ ಬರಹಗಳನ್ನು ಸಿದ್ಧಪಡಿಸಿದರು. ೧೭೭೩ರಲ್ಲಿ ಪೋಪರು ಯೇಸುಸಭೆಯನ್ನು ವಿಸರ್ಜಿಸಿದ ಬಳಿಕ ಈ ಪ್ರದೇಶ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಗುರುಗಳ ಕೈಸೇರಿತು. ೧೮೫೦ರಲ್ಲಿ ಮೈಸೂರು ಪ್ರತ್ಯೇಕ ಧಾರ್ಮಿಕ ಪ್ರಾಂತವಾಯಿತು, ೧೮೮೬ರಲ್ಲಿ ಧರ್ಮಕ್ಷೇತ್ರವಾಯಿತು. ಚಿಕ್ಕಮಗಳೂರು ಧರ್ಮಕ್ಷೇತ್ರ ಸ್ಥಾಪನೆಯಾದದ್ದು ೧೯೬೩ರಲ್ಲಿ.

ಅಬ್ಬೆ ದುಬ್ವಾ ಮತ್ತು ಸಾತಳ್ಳಿ

ಜಿಲ್ಲೆಯ ಕ್ರೈಸ್ತ ಇತಿಹಾಸದಲ್ಲಿ ಬಹುಮುಖ್ಯ ಹೆಸರು ಅಬ್ಬೆ ದುಬ್ವಾ (೧೭೬೫–೧೮೪೮) ಅವರದು. ಫ್ರಾನ್ಸಿನ ಆರ್ದೆಷ್ ಪ್ರಾಂತದಲ್ಲಿ ಹುಟ್ಟಿದ ಇವರು ೧೭೯೨ರಲ್ಲಿ ಗುರುದೀಕ್ಷೆ ಪಡೆದು ಭಾರತಕ್ಕೆ ಹೊರಟರು. ೧೭೯೯ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ಅವರನ್ನು ಮೈಸೂರು ಸೀಮೆಗೆ ಕರೆಸಲಾಯಿತು. ದೇಶೀಯ ಉಡುಪು, ದೇಶೀಯ ಆಹಾರಪದ್ಧತಿಗಳನ್ನು ಅವರು ಅನುಸರಿಸಿದರು. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆಯುತ್ತಿದ್ದರು.

ಹಾಸನದ ಸಮೀಪದ ಸಾತಳ್ಳಿಯಲ್ಲಿ ದುಬ್ವಾ ಕ್ರೈಸ್ತ ರೈತರ ವಸಾಹತೊಂದನ್ನು ನೆಲೆಗೊಳಿಸಿದರು. ಇದರ ಅಗತ್ಯವನ್ನು ಅಂದಿನ ಸಮಾಜಸ್ಥಿತಿಯಿಂದ ಅರ್ಥಮಾಡಿಕೊಳ್ಳಬೇಕು. ಮತಾಂತರಗೊಂಡವನು ಕುಲದಿಂದ ಹೊರಬೀಳುತ್ತಿದ್ದ. ಅದರೊಡನೆ ಮನೆ, ಹೊಲ, ನೆಂಟಸ್ತಿಕೆಗಳೂ ಕೈತಪ್ಪುತ್ತಿದ್ದವು. ಉಳಲು ಭೂಮಿಯಿಲ್ಲದವನಿಗೆ ಬರಿಯ ಪ್ರಾರ್ಥನೆ ಕಲಿಸಿ ಪ್ರಯೋಜನವಿಲ್ಲ ಎಂಬುದನ್ನು ಈ ಫ್ರೆಂಚ್ ಗುರು ಮನಗಂಡಿದ್ದರು ಎಂದೇ ಹೇಳಬೇಕು.

ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕಾರ್ಯದಲ್ಲಿಯೂ ದುಬ್ವಾ ಶ್ರಮಿಸಿದರು. ಲಸಿಕೆ ೧೮೦೨ರಲ್ಲಿ ಮುಂಬಯಿಗೆ ಬಂದಿತ್ತು. ಅಂದಿನ ವಿಧಾನದಲ್ಲಿ, ಲಸಿಕೆ ಹಾಕಿಸಿಕೊಂಡವನ ತೋಳಿನ ಗುಳ್ಳೆಯ ರಸವನ್ನು ತೆಗೆದು ಮತ್ತೊಬ್ಬನ ತೋಳಿಗೆ ಸೇರಿಸಬೇಕಾಗಿತ್ತು. ಬೇರೆ ಜಾತಿಯವರ ಮೈಯ ರಸವನ್ನು ತಮ್ಮ ಮೈಗೆ ಸೇರಿಸಿಕೊಳ್ಳಲು ಜನರನ್ನು ಒಪ್ಪಿಸುವುದು ಸುಲಭದ ಮಾತಾಗಿರಲಿಲ್ಲ. ಆದರೂ ೧೮೦೩–೦೪ರ ಅವಧಿಯಲ್ಲಿ ಅವರ ಮೂಲಕ ೨೫ ಸಾವಿರಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಿದ ಲೆಕ್ಕ ದಾಖಲೆಯಲ್ಲಿದೆ.

ಧರ್ಮಪ್ರಚಾರದ ಫಲ ಮಾತ್ರ ಅವರಿಗೆ ನಿರಾಶೆ ತಂದಿತು. ೧೮೨೩ರಲ್ಲಿ ಅವರು ಭಾರತವನ್ನು ಬಿಟ್ಟರು. ಅದೇ ವರ್ಷ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಪ್ರಕಟವಾದವು. ಇಷ್ಟು ವರ್ಷಗಳಲ್ಲಿ ತಾವು ಮತಾಂತರಿಸಿದವರು ಇನ್ನೂರು ಮುನ್ನೂರು ಮಂದಿ ಮಾತ್ರ, ಅವರಲ್ಲಿ ಮೂರನೆಯ ಎರಡು ಭಾಗ ಅಸ್ಪೃಶ್ಯರು ಅಥವಾ ಭಿಕ್ಷುಕರು ಎಂದು ಅವರು ಅದರಲ್ಲಿ ಒಪ್ಪಿಕೊಂಡರು. ಪ್ರಾಟೆಸ್ಟಂಟ್ ಪಾದ್ರಿಗಳು ಇದಕ್ಕೆ ಖಂಡನೆಗಳನ್ನು ಬರೆದರು. ಹೊಟ್ಟೆಗಿಲ್ಲದವರು ಬಂದು ಸೇರಿದರು ಎಂಬುದನ್ನು ದುಬ್ವಾ ತಮ್ಮ ಸೋಲಿನ ಲೆಕ್ಕದಲ್ಲಿ ಬರೆದುಕೊಂಡರು. ಶುಭಸಂದೇಶವನ್ನು ಬಡವರಿಗೆ ಸಾರಬೇಕೆನ್ನುವ ಇಂದಿನ ಧರ್ಮಸಭೆ ಅದನ್ನು ಸೋಲೆಂದು ಎಣಿಸಲಾರದು.

ದುಬ್ವಾ ಅವರ ಹೆಸರನ್ನು ಉಳಿಸಿದ್ದು ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಗ್ರಂಥ. ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡಿತು. ಅದರ ಬಹುಭಾಗಕ್ಕೆ ಯೇಸುಸಭೆಯ ಕ್ಯೂರ್ದೂ ಎಂಬವರ ಹಳೆಯ ಬರಹವೇ ಆಧಾರವೆಂದು ಸಿಲ್ವಿಯಾ ಮೂರ್ ೧೯೮೭ರಲ್ಲಿ ತೋರಿಸಿದ್ದಾರೆ. ಗ್ರಂಥವನ್ನು ಆಕರವಾಗಿ ಬಳಸುವ ವಿದ್ಯಾರ್ಥಿಗಳು ಇದನ್ನು ಮರೆಯಬಾರದು.

ಧರ್ಮೋಪದೇಶದ ಕ್ರಮ

ಎರಡನೆಯ ವ್ಯಾಟಿಕನ್ ಮಹಾಸಭೆಯವರೆಗೆ (೧೯೬೨–೬೫) ಬಲಿಪೂಜೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಆದ್ದರಿಂದ ಹಳ್ಳಿಯ ಭಕ್ತರಿಗೆ ವಿಶ್ವಾಸ ತಲಪುತ್ತಿದ್ದುದು ಪೀಠದಿಂದ ಎನ್ನುವುದಕ್ಕಿಂತ ಉಪದೇಶಿಯ ಬಾಯಿಂದ ಎನ್ನಬೇಕು. ಉಪದೇಶಿ ಪ್ರಶ್ನೋತ್ತರ ರೂಪದ ಪಾಠಗಳನ್ನೂ ಜಪಗಳನ್ನೂ ಕನ್ನಡದಲ್ಲಿ ಬಾಯಿಪಾಠ ಮಾಡಿಸುತ್ತಿದ್ದ. ಗುರುಗಳು ಬರುವುದು ಅಪರೂಪವಾದ ಊರುಗಳಲ್ಲಿ ಪ್ರಾರ್ಥನೆ ನಡೆಸುತ್ತಿದ್ದವನೂ ಅವನೇ. ಮಹಾಸಭೆಯ ತರುವಾಯ ಬಲಿಪೂಜೆ ಕನ್ನಡಕ್ಕೆ ಬಂದಿತು. ಇಂದು ಭಾನುವಾರದ ತರಗತಿಗಳಲ್ಲಿ ಮಕ್ಕಳನ್ನು ಪ್ರಥಮ ಪರಮಪ್ರಸಾದಕ್ಕೂ ಅನಂತರ ದೃಢೀಕರಣಕ್ಕೂ ಸಿದ್ಧಗೊಳಿಸುತ್ತಾರೆ. ಮಲೆನಾಡಿನ ಕಾಫಿ ತೋಟಗಳ ಭಾಗದಲ್ಲಿ ಕೊಂಕಣಿ, ತಮಿಳು ಮನೆಮಾತಿನವರೂ ಇರುವುದರಿಂದ ಅಲ್ಲಿ ಯಾವ ಭಾಷೆಯಲ್ಲಿ ಪಾಠ ಹೇಳಬೇಕೆಂಬುದೇ ಒಂದು ಪ್ರಶ್ನೆ.

ಕಥೋಲಿಕ ಸಾಮಾಜಿಕ ಬೋಧನೆ ಕಾರ್ಮಿಕರ ಸ್ಥಿತಿಯನ್ನು ಕುರಿತು ಹದಿಮೂರನೆಯ ಲಿಯೋ ೧೮೯೧ರಲ್ಲಿ ಹೊರಡಿಸಿದ ವಿಶ್ವಪತ್ರದಿಂದ ಸ್ಪಷ್ಟ ರೂಪ ಪಡೆಯಿತು. ೧೮೩೩ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು ಬಡವರ ಮನೆಗಳಿಗೆ ಹೋಗಿ ಕಷ್ಟ ವಿಚಾರಿಸುವ ಪದ್ಧತಿ ಭಾರತದ ಧರ್ಮಕೇಂದ್ರಗಳಲ್ಲಿಯೂ ಇದೆ. ತಪಸ್ಸುಕಾಲದಲ್ಲಿ ಉಪವಾಸದಿಂದ ಉಳಿಸಿದ ಹಣವನ್ನು ಕಾರಿತಾಸ್ ಇಂಡಿಯಾದ ಹಸಿವು ಮತ್ತು ರೋಗ ವಿರೋಧಿ ಅಭಿಯಾನಕ್ಕೆ ಕೊಡುವುದುಂಟು. ಒಂದು ಹೊತ್ತಿನ ಊಟ ಬಿಟ್ಟ ಮಗು ಅದು ಏತಕ್ಕೆಂದು ಕೇಳಿದಾಗ ಪಾಠ ತಾನಾಗಿಯೇ ಆರಂಭವಾಗುತ್ತದೆ.

ಶೆಟ್ಟಿಹಳ್ಳಿ

ಹೇಮಾವತಿ ನದಿಯ ದಡದ ಶೆಟ್ಟಿಹಳ್ಳಿಯಲ್ಲಿ ೧೮೬೦ರ ಸುಮಾರಿಗೆ ಫ್ರೆಂಚ್ ಗುರುಗಳು ಗಾಥಿಕ್ ಶೈಲಿಯ ಜಪಮಾಲೆ ಮಾತೆಯ ದೇವಾಲಯವನ್ನು ಕಟ್ಟಿಸಿದರು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟೆ ೧೯೭೯ರಲ್ಲಿ ಪೂರ್ಣಗೊಂಡು, ಹಿನ್ನೀರು ಸುತ್ತಣ ಹಳ್ಳಿಗಳನ್ನು ಆವರಿಸಿತು. ಊರಿನವರು ಬೇರೆಡೆಗೆ ತೆರಳಿದರು. ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಪೂರ್ತಿ ಕಾಣಿಸಿಕೊಳ್ಳುವ ಈ ದೇವಾಲಯ ಈಗ ಪ್ರವಾಸಿಗರಿಗೆ ಪ್ರಿಯವಾದ ತಾಣ. ಅದರ ಛಾಯಾಚಿತ್ರಗಳು ಹೇರಳವಾಗಿವೆ. ಅಲ್ಲಿ ಪ್ರಾರ್ಥಿಸುತ್ತಿದ್ದ ರೈತರು ಎಲ್ಲಿಗೆ ಹೋದರೆಂದು ಕೇಳುವವರು ಕಡಿಮೆ. ಅಣೆಕಟ್ಟೆಯ ನೀರು ಕೆಳಭಾಗದ ಹೊಲಗಳನ್ನು ಹಸುರಾಗಿಸಿದೆ ಎಂಬುದು ನಿಜ. ನೀರಿಗಾಗಿ ಊರು ಬಿಟ್ಟವರಲ್ಲಿ ಎಲ್ಲ ಮತ, ಜಾತಿಗಳ ರೈತರೂ ಇದ್ದರು ಎಂಬುದೂ ಅಷ್ಟೇ ನಿಜ. ಧರ್ಮಕೇಂದ್ರವೊಂದು ಸ್ಥಳಾಂತರವಾದಾಗ ಹಿಂದುಳಿಯುವುದು ಕಟ್ಟಡ ಮಾತ್ರವಲ್ಲ. ನವೆಂಬರ್ ೨ರಂದು ಹಿರಿಯರ ಸಮಾಧಿಗಳ ಬಳಿ ಪ್ರಾರ್ಥಿಸುವುದು ಕಥೋಲಿಕರ ಸಂಪ್ರದಾಯವಾದುದರಿಂದ ಆ ನೆಲದ ನಂಟು ಕಡಿಯುವುದು ಸುಲಭವಲ್ಲ.

ಜಾತಿಯ ಪ್ರಶ್ನೆ

ಜಾತಿಪದ್ಧತಿಯಿಂದ ನೊಂದವರಿಗೆ ಭೂಮಿ ಕೊಡಿಸಿದ ದುಬ್ವಾ, ತಮ್ಮ ಗ್ರಂಥದಲ್ಲಿ ಆ ಪದ್ಧತಿಯನ್ನು ಸಮಾಜಕ್ಕೆ ಶಿಸ್ತು ತಂದ ವ್ಯವಸ್ಥೆಯೆಂದು ಹೊಗಳಿದರು. ಈ ವಿರೋಧಾಭಾಸ ಅವರೊಬ್ಬರದಲ್ಲ. ಜಾತಿಯ ಮೇಲುಕೀಳು ದೀಕ್ಷಾಸ್ನಾನದ ನಂತರವೂ ಅಳಿಯಲಿಲ್ಲವೆಂಬುದನ್ನು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ ೨೦೧೬ರಲ್ಲಿ ಹೊರಡಿಸಿದ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿದೆ. ಇತ್ತ ೧೯೫೦ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. ೧೯೫೬ರಲ್ಲಿ ಸಿಖ್ಖರಿಗೂ ೧೯೯೦ರಲ್ಲಿ ಬೌದ್ಧರಿಗೂ ಅದನ್ನು ವಿಸ್ತರಿಸಲಾಯಿತು. ದಲಿತ ಕ್ರೈಸ್ತರು ಇದರಿಂದ ಹೊರಗುಳಿದರು. ಅವರ ಬೇಡಿಕೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ೨೦೨೨ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿತು.