ನೋವಿನ ಸುತ್ತ ಕೂತ ವೈದ್ಯರು

ಮುಖವಾಡ ಹಾಕಿಕೊಂಡು ಕುಸ್ತಿಯಾಡುತ್ತಿದ್ದ ಯುವಕನೊಬ್ಬ ಮುಂದೆ ನೋವಿನ ಚಿಕಿತ್ಸೆಯ ದಿಕ್ಕನ್ನೇ ಬದಲಿಸುತ್ತಾನೆಂದು 1930ರ ದಶಕದ ಅಮೆರಿಕದಲ್ಲಿ ಯಾರೂ ಊಹಿಸಿರಲಿಕ್ಕಿಲ್ಲ. ಅವರೇ ಜಾನ್ ಬೊನಿಕಾ. 1917ರಲ್ಲಿ ಸಿಸಿಲಿ ಬಳಿಯ ಫಿಲಿಕುಡಿ ಎಂಬ ಪುಟ್ಟ ದ್ವೀಪದಲ್ಲಿ ಹುಟ್ಟಿ, ಬಾಲ್ಯದಲ್ಲೇ ನ್ಯೂಯಾರ್ಕ್ ಸೇರಿದವರು. ವೈದ್ಯಕೀಯ ಓದಿನ ಖರ್ಚಿಗೆ ಕುಸ್ತಿಯೇ ಆಧಾರವಾಗಿತ್ತು. ಅಖಾಡದಲ್ಲಿ ಬಿದ್ದ ಪೆಟ್ಟುಗಳ ನೋವು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಹಲವು ಶಸ್ತ್ರಚಿಕಿತ್ಸೆಗಳಾದರೂ ಅಷ್ಟೇ.

1944ರಲ್ಲಿ ಬೊನಿಕಾ ವಾಷಿಂಗ್ಟನ್ ರಾಜ್ಯದ ಮ್ಯಾಡಿಗನ್ ಸೇನಾ ಆಸ್ಪತ್ರೆಯಲ್ಲಿ ಅರಿವಳಿಕೆ ವಿಭಾಗದ ಮುಖ್ಯಸ್ಥರಾದರು. ಯುದ್ಧದಿಂದ ಮರಳಿದ ಸೈನಿಕರ ಗಾಯ ಮಾಗಿತ್ತು, ನೋವು ಮಾಗಿರಲಿಲ್ಲ. ಕತ್ತರಿಸಿ ತೆಗೆದ ಕಾಲಿನ ಬೆರಳು ಉರಿಯುತ್ತದೆ ಎನ್ನುವವರೂ ಇದ್ದರು. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನರತಜ್ಞರು, ಮೂಳೆತಜ್ಞರು, ಮನೋವೈದ್ಯರು ಒಬ್ಬೊಬ್ಬರಾಗಿ ರೋಗಿಯನ್ನು ನೋಡಿ ತಮ್ಮ ತಮ್ಮ ಅಭಿಪ್ರಾಯ ಬರೆದು ಕಳಿಸುತ್ತಿದ್ದರು. ಕುರುಡರು ಆನೆ ಮುಟ್ಟಿದ ಕಥೆಯೇ ಸರಿ. ಬೊನಿಕಾ ಮಾಡಿದ್ದು ಬಹಳ ಸರಳವಾದ ಕೆಲಸ. ಅವರನ್ನೆಲ್ಲ ಒಂದೇ ಕಡೆ ಕೂರಿಸಿ ಮಾತನಾಡಿಸಿದರು.

ಯುದ್ಧಾನಂತರ ಟಕೋಮಾದಲ್ಲಿ ಕೆಲಸ ಮಾಡುತ್ತಲೇ 1953ರಲ್ಲಿ ನೋವಿನ ನಿರ್ವಹಣೆ ಕುರಿತು ಸುಮಾರು ಒಂದೂವರೆ ಸಾವಿರ ಪುಟಗಳ ಗ್ರಂಥ ಹೊರತಂದರು. 1960ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಬಂದಾಗ ನರಶಸ್ತ್ರಚಿಕಿತ್ಸಕ ಲೊವೆಲ್ ವೈಟ್ ಮತ್ತು ದಾದಿ ಡೊರೊತಿ ಕ್ರೌಲಿ ಜೊತೆ ಸೇರಿ ನೋವಿನ ಚಿಕಿತ್ಸಾಲಯವನ್ನೇ ಕಟ್ಟಿದರು.

ಅಲ್ಲಿ ನಡೆದ ಅತ್ಯಂತ ಕುತೂಹಲದ ಪ್ರಯೋಗ ಮಾತ್ರ ವೈದ್ಯರದಲ್ಲ, ವಿಲ್ಬರ್ಟ್ ಫೋರ್ಡೈಸ್ ಎಂಬ ಮನಶ್ಶಾಸ್ತ್ರಜ್ಞರದು. ಬಿಸಿ ತಾಗಿದ ಬೆರಳಿನ ನೋವು ಎಚ್ಚರಿಕೆಯ ಗಂಟೆ. ಆದರೆ ತಿಂಗಳುಗಟ್ಟಲೆ ಉಳಿದ ನೋವು ಹಲವು ಬಾರಿ ಬೆಂಕಿ ಆರಿದ ಮೇಲೂ ಬಾರಿಸುತ್ತಲೇ ಇರುವ ಗಂಟೆ. ನೋವಾದೀತೆಂದು ರೋಗಿ ಮಲಗುತ್ತಾನೆ, ಮಲಗಿದ್ದರಿಂದ ಸ್ನಾಯು ಸೊರಗುತ್ತದೆ, ಸೊರಗಿದ ಸ್ನಾಯು ಇನ್ನಷ್ಟು ನೋಯುತ್ತದೆ. ನರಳಿದಾಗಲೆಲ್ಲ ಗುಳಿಗೆ, ಆರೈಕೆ, ವಿಶ್ರಾಂತಿ ಸಿಗುವುದರಿಂದ ಈ ಸುಳಿ ಬಿಗಿಯಾಗುತ್ತದೆ ಎಂದು ಫೋರ್ಡೈಸ್ ಕಂಡುಕೊಂಡರು. ಆದ್ದರಿಂದ ಔಷಧವನ್ನು ನೋವು ನೋಡಿ ಕೊಡದೆ ಗಡಿಯಾರ ನೋಡಿ ಕೊಟ್ಟು, ಪ್ರಮಾಣವನ್ನು ಮೆಲ್ಲನೆ ಇಳಿಸಿದರು. ವ್ಯಾಯಾಮಕ್ಕೆ ದಿನದ ಪಾಲು ನಿಗದಿಯಾಯಿತು: ಹತ್ತು ಸಲ ಮಾಡಬಲ್ಲವನಿಗೆ ಮೊದಲು ಅದಕ್ಕಿಂತ ಕಡಿಮೆಯೇ. ಪಾಲು ಮುಗಿಸಿದ್ದಕ್ಕೆ ವಿಶ್ರಾಂತಿ ಬಹುಮಾನ, ನೋವಾಯಿತೆಂದು ನಿಲ್ಲಿಸಿದ್ದಕ್ಕಲ್ಲ. ಮನೆಯವರಿಗೂ ಇದೇ ಪಾಠ.

ಇದು ನಿರ್ದಯ ಎಂದು ಮೂದಲಿಸಿದವರುಂಟು. ರೋಗಿಯ ಮಾತನ್ನು ನಂಬದ ದಾರಿ ಇದು ಎಂಬ ಅನುಮಾನವೂ ಸಹಜವೇ. ಆದರೆ ನೋವು ನಾಟಕ ಎಂದು ಫೋರ್ಡೈಸ್ ಹೇಳಲಿಲ್ಲ. ನೋವು ಎಷ್ಟಿದೆ ಎಂಬುದಕ್ಕಿಂತ ಎಷ್ಟು ನಡೆದೆ, ಕೆಲಸಕ್ಕೆ ಹೋದೆಯಾ ಎಂಬುದು ಅವರ ಅಳತೆಗೋಲಾಗಿತ್ತು.

1973ರಲ್ಲಿ ಬೊನಿಕಾ ಸಿಯಾಟಲ್ ಸಮೀಪದ ಇಸಾಕ್ವಾದಲ್ಲಿ ಸಂಶೋಧಕರ ಸಮ್ಮೇಳನ ಕರೆದರು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ ಹುಟ್ಟಿದ್ದು ಅಲ್ಲೇ. ಸಿಯಾಟಲ್ ಮಾದರಿಯ ಕೇಂದ್ರಗಳು ಬೇರೆಡೆಯೂ ತಲೆಯೆತ್ತಿದವು.

ಆಮೇಲೆ ಲೆಕ್ಕ ಕೆಟ್ಟಿತು. ಇಂಜೆಕ್ಷನ್‌ಗೆ, ಆಪರೇಷನ್‌ಗೆ ಹಣ ತೆರುವ ವಿಮಾ ಕಂಪನಿಗಳು ಐದಾರು ತಜ್ಞರು ವಾರಗಟ್ಟಲೆ ಒಬ್ಬನೇ ರೋಗಿಯೊಂದಿಗೆ ಕಳೆಯುವ ಸಮಯಕ್ಕೆ ಹಣ ಕೊಡಲು ಹಿಂಜರಿದವು. ಅಮೆರಿಕದಲ್ಲಿ ಒಂದೊಂದೇ ಕೇಂದ್ರ ಮುಚ್ಚಿತು. 1996ರಲ್ಲಿ ಆಕ್ಸಿಕಾಂಟಿನ್ ಎಂಬ ಅಫೀಮು ಜಾತಿಯ ಗುಳಿಗೆ ಮಾರುಕಟ್ಟೆಗೆ ಬಂತು. ತಂಡಕ್ಕಿಂತ ಚೀಟಿ ಬರೆಯುವುದು ಸುಲಭ. ಇದರ ಚಟದ ಅಪಾಯದ ಬಗ್ಗೆ ದಾರಿ ತಪ್ಪಿಸಿದ್ದಾಗಿ 2007ರಲ್ಲಿ ತಯಾರಕ ಕಂಪನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಸಾವಿರಾರು ಮನೆಗಳು ಹಾಳಾಗಿದ್ದವು. 1994ರಲ್ಲೇ ತೀರಿಕೊಂಡ ಬೊನಿಕಾ ಇದನ್ನು ಕಾಣಲಿಲ್ಲ.

2009ರಲ್ಲಿ ಅಮೆರಿಕದ ಮಾಜಿ ಸೈನಿಕರ ಆರೋಗ್ಯ ಇಲಾಖೆ ತನ್ನ ಪ್ರತಿ ವಲಯದಲ್ಲೂ ಹಲವು ತಜ್ಞರು ಕೂಡಿ ನಡೆಸುವ ನೋವಿನ ಪುನಶ್ಚೇತನ ಕೇಂದ್ರವಿರಬೇಕೆಂದು ಆದೇಶಿಸಿತು. ಖಾಸಗಿ ಆಸ್ಪತ್ರೆಗಳು ಕೈಬಿಟ್ಟದ್ದನ್ನು ಸರಕಾರಿ ಆಸ್ಪತ್ರೆಗಳು ಮತ್ತೆ ಕಟ್ಟತೊಡಗಿದವು.